ಕಡಜದ ಗೂಡು, ಕೋಳಿಯ ಅಂಗಳ, ರಾಗಿಯ ಹೂವು: ಮಕ್ಕಳಿಗೆ ಸಂಶೋಧನೆಯ ರುಚಿ ಹತ್ತಿಸುವ ಅರ್ಧ ದಿನದ ಶಿಬಿರ ಮಾಡುವುದು ಹೇಗೆ?

ನಾನು ಮೊದಲ ಸಲ ಮಕ್ಕಳಿಗೆ ಇಂಥದ್ದೊಂದು ಶಿಬಿರ ಮಾಡಿದಾಗ ಇರುವೆ ಸಾಲಿನಿಂದ ಶುರು ಮಾಡಿದ್ದೆ. ಗೋಡೆ ಮೇಲೆ ಸೀಮೆಸುಣ್ಣದ ಒಂದು ಗೆರೆ. ಒಂದು ನಿಮಿಷದಲ್ಲಿ ಎಷ್ಟು ಇರುವೆ ಆ ಗೆರೆ ದಾಟುತ್ತವೆ, ಎಣಿಸಿ ಬರೆಯಿರಿ ಅಂದೆ. ಒಬ್ಬ ಹುಡುಗ ಓಡಿ ಬಂದು "ಹದಿನಾಲ್ಕು, ಮಿಸ್!" ಅಂದ. ನಾನು ಖುಷಿಯಲ್ಲಿ "ಶಹಬ್ಬಾಸ್" ಅಂದುಬಿಟ್ಟೆ. ಸಂಜೆ ನೋಟ್‌ಬುಕ್ ತೆರೆದು ನೋಡಿದರೆ ಎಲ್ಲರದ್ದೂ 14. ಕೆಲವು ಪುಟಗಳಲ್ಲಿ ರಬ್ಬರ್ ಉಜ್ಜಿದ ಗುರುತು. ಅದರಡಿ 11, 19, 16 ಅಂತ ಮಸುಕಾಗಿ ಕಾಣುತ್ತಿತ್ತು. ಕಣ್ಣಾರೆ ನೋಡಿ ಎಣಿಸಿದ್ದನ್ನು ಮಕ್ಕಳು ಅಳಿಸಿಹಾಕಿದ್ದರು. ಅದರ ಜಾಗದಲ್ಲಿ ನನ್ನ ಶಹಬ್ಬಾಸ್ ಬರೆದುಕೊಂಡಿದ್ದರು.

ಆವತ್ತಿನಿಂದ ನನ್ನ ಶಿಬಿರದಲ್ಲಿ ರಬ್ಬರ್ ಇಲ್ಲ, ಪೆನ್ಸಿಲ್ಲೂ ಇಲ್ಲ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ದೊಡ್ಡ ಲ್ಯಾಬ್‌ಗಳ ನೋಟ್‌ಬುಕ್ಕುಗಳಲ್ಲೂ ಹೀಗೇ ಬರೆಯುತ್ತಾರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿದರೆ ಅವರಿಗೂ ಹೆಮ್ಮೆ.

ಮಕ್ಕಳಿಗೆ ವಿಜ್ಞಾನ ಅಂದರೆ ಈಗಾಗಲೇ ಯಾರೋ ಕಂಡುಹಿಡಿದು ಮುಗಿಸಿದ ವಿಷಯ. ಪಾಠದ ಪುಸ್ತಕದಲ್ಲಿ ಉತ್ತರ ಅಚ್ಚಾಗಿರುತ್ತದೆ. ವಿಶ್ವವಿದ್ಯಾಲಯದಲ್ಲಿ ನಡೆಯುವ ಕೆಲಸ ಹಾಗಲ್ಲ. ಅಲ್ಲಿ ದಿನ ಶುರುವಾಗುವುದೇ "ಗೊತ್ತಿಲ್ಲ" ಅನ್ನುವ ಮಾತಿನಿಂದ. ಆ ಗೊತ್ತಿಲ್ಲದ ಜಾಗಕ್ಕೆ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಎಂಟರಿಂದ ಹದಿಮೂರು ವರ್ಷದ ಇಪ್ಪತ್ತನಾಲ್ಕು ಮಕ್ಕಳು, ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆ ತನಕ, ಇಬ್ಬರು ಅಥವಾ ಮೂವರು ದೊಡ್ಡವರು: ಇಷ್ಟು ಲೆಕ್ಕ ಇಟ್ಟುಕೊಂಡಿದ್ದೇನೆ. ಜಾಗ ಶಾಲೆಯಾಗಬಹುದು, ಗ್ರಾಮ ಪಂಚಾಯಿತಿ ಗ್ರಂಥಾಲಯವಾಗಬಹುದು, ಅಪಾರ್ಟ್‌ಮೆಂಟಿನ ಅಂಗಳವೂ ಆಗಬಹುದು. ಬೇಸಿಗೆ ಶಿಬಿರದ ಒಂದು ಬೆಳಗ್ಗೆಗೂ ಹೊಂದುತ್ತದೆ.

ಹೆಜ್ಜೆ 1: ಹತ್ತಿರದ ಒಂದು ಸಂಶೋಧನೆ ಆರಿಸಿಕೊಳ್ಳಿ

ಸಂಶೋಧನೆ ಅಂದ ಕೂಡಲೇ ಎಲ್ಲರೂ ರಾಕೆಟ್, ಕಪ್ಪು ಕುಳಿ ಅಂತ ಹೊರಡುತ್ತಾರೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ನಿಜ. ಆದರೆ ಮನೆಗೆ ಹೋಗಿ ತಾವೇ ಮಾಡಿ ನೋಡುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ನನ್ನ ಕೇಳಿದರೆ, ಮಗುವಿನ ಮನೆಯ ಸೂರಿನಡಿಯಲ್ಲೋ ಹಿತ್ತಲಲ್ಲೋ ತಟ್ಟೆಯಲ್ಲೋ ಇರುವ ವಸ್ತುವನ್ನೇ ಹಿಡಿಯಿರಿ. ಅದರ ಬಗ್ಗೆ ಕೇಳುವ ಪ್ರಶ್ನೆ ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು. ಆ ಪ್ರಶ್ನೆಯ ಒಂದು ಭಾಗವಾದರೂ ಇನ್ನೂ ಬಗೆಹರಿಯದೆ ಉಳಿದಿರಬೇಕು.

ನಾನು ಹೆಚ್ಚಾಗಿ ಎರಡು ಕೆಲಸಗಳನ್ನು ಬಳಸುತ್ತೇನೆ. ಒಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ನಡೆಸಿದ ಕಡಜದ ಅಧ್ಯಯನ. ಇನ್ನೊಂದು, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ತಳಿ ವಿಜ್ಞಾನಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಮಾಡಿದ ರಾಗಿ ತಳಿಯ ಕೆಲಸ. ಎರಡಕ್ಕೂ ದೊಡ್ಡ ಯಂತ್ರ ಬೇಕಿರಲಿಲ್ಲ. ಕಣ್ಣು, ಕೈ, ತಾಳ್ಮೆ, ಒಂದು ಪುಸ್ತಕ ಸಾಕಿತ್ತು. ಅದಕ್ಕೇ ಮಕ್ಕಳಿಗೆ ಇವು ಸಿಕ್ಕಾಪಟ್ಟೆ ಹಿಡಿಸುತ್ತವೆ.

ನಿಮ್ಮ ಊರಿನ ಹತ್ತಿರ ಬೇರೆ ಏನಾದರೂ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಬಾಗಲಕೋಟೆಯಲ್ಲಿ ತೋಟಗಾರಿಕೆಯದ್ದು, ಬೀದರಿನಲ್ಲಿ ಪಶುವೈದ್ಯಕೀಯದ್ದು. ಕೃಷಿ ವಿಜ್ಞಾನ ಕೇಂದ್ರ ಹೆಚ್ಚಿನ ಜಿಲ್ಲೆಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಸುತ್ತಮುತ್ತ ಇರುವವರು ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ ಜಿ.ಕೆ.ವಿ.ಕೆ.ಯಲ್ಲಿ ನಡೆಯುವ ಕೃಷಿ ಮೇಳಕ್ಕೂ ಹೋಗಬಹುದು. ಆದರೆ ಆ ಜನಜಂಗುಳಿಯಲ್ಲಿ ಕೂತು ನೋಡುವುದಕ್ಕೆ ಆಗುವುದಿಲ್ಲ. ಮೊದಲು ಈ ಶಿಬಿರ ಮಾಡಿ, ಆಮೇಲೆ ಅಲ್ಲಿಗೆ ಹೋಗಿ. ಆಗ ಮಕ್ಕಳು ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಹೆಜ್ಜೆ 2: ಸಂಶೋಧನೆ ಮಾಡುವ ಒಬ್ಬರನ್ನು ಕರೆಯಿರಿ

ಸಾಧ್ಯವಾದರೆ ಪಿಎಚ್‌ಡಿ ಮಾಡುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕರೆಯಿರಿ. ದೊಡ್ಡ ಪ್ರೊಫೆಸರ್ ಬಂದರೆ ಹಾರ, ಶಾಲು, ಸ್ವಾಗತ ಭಾಷಣದಲ್ಲೇ ಒಂದು ಗಂಟೆ ಹೋಗುತ್ತದೆ. ವಿದ್ಯಾರ್ಥಿಯಾದರೆ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾರೆ. ಮಕ್ಕಳು ಅವರನ್ನು ಅಕ್ಕ ಅಂತಲೋ ಅಣ್ಣ ಅಂತಲೋ ಕರೆಯಲಿ. ಅಕ್ಕನಿಗೆ ಕೇಳುವ ಪ್ರಶ್ನೆಯನ್ನು ಮಕ್ಕಳು ಮುಖ್ಯ ಅತಿಥಿಗಳಿಗೆ ಕೇಳುವುದಿಲ್ಲ.

ಒಂದು ವಾರ ಮೊದಲು ಅವರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದ ಮೇಲೆ ಮೊದಲು ಕೈಗೆ ಏನು ಎತ್ತಿಕೊಳ್ಳುತ್ತೀರಿ? ನಿಮಗೆ ಇನ್ನೂ ಗೊತ್ತಾಗದೆ ಇರುವುದು ಏನು? ಯಾವುದು ನೀವು ಅಂದುಕೊಂಡಂತೆ ಆಗಲಿಲ್ಲ? ಕೊನೆಯದು, ಮಕ್ಕಳು ಮುಟ್ಟಿ ನೋಡುವಂಥ ಒಂದು ವಸ್ತು ತರುತ್ತೀರಾ? ಒಬ್ಬ ಅಕ್ಕ ಮಣ್ಣಿನ ಕಲೆ ಹಿಡಿದ ತನ್ನ ಹೊಲದ ಡೈರಿ ತಂದಿದ್ದಳು. ಮಕ್ಕಳು ಅದರ ಒಂದೊಂದೇ ಪುಟ ತಿರುವಿದರು. ಮಳೆಯಲ್ಲಿ ನೆನೆದು ಅಕ್ಷರ ಹರಡಿದ ಒಂದು ಪುಟವಿತ್ತು. ಅಲ್ಲಿ ತುಂಬಾ ಹೊತ್ತು ನಿಂತರು.

ಪಿಪಿಟಿ ಬೇಡ ಅಂತ ಮೊದಲೇ ಹೇಳಿ. ಹಿಂದಿನ ದಿನ ಶಾಲೆಯ ಬಿಸಿಯೂಟದ ಅಕ್ಕನ ಮುಂದೆ ಕಥೆಯನ್ನು ಒಂದು ಸಲ ಹೇಳಿ ನೋಡುವುದು ಒಳ್ಳೆಯದು. ಅವರು ತರಕಾರಿ ಹೆಚ್ಚುತ್ತಾ "ಆಮೇಲೆ?" ಅಂದರೆ ಕಥೆ ಸರಿಯಾಗಿದೆ ಅಂತ ಅರ್ಥ.

ಯಾರೂ ಬರಲು ಆಗದಿದ್ದರೆ ನೀವೇ ಹೇಳಿ. ಅದಕ್ಕೇ ಮುಂದಿನ ಹೆಜ್ಜೆಯಲ್ಲಿ ಕಥೆಯನ್ನು ಪೂರ್ತಿ ಕೊಟ್ಟಿದ್ದೇನೆ.

ಹೆಜ್ಜೆ 3: ಕಥೆ ಹೇಳಿ, ಆದರೆ ನಡುವೆ ನಿಲ್ಲಿಸಿ

ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಈ ಪದ್ಧತಿಯನ್ನೇ ಇಲ್ಲಿ ಸ್ವಲ್ಪ ಬದಲಾಯಿಸಿ ಬಳಸಿ. ಮಾಮೂಲಿಯಾಗಿ ಹೂಂ ಅನ್ನಲಿ. ಒಪ್ಪಿಗೆಯಾಗದಿದ್ದರೆ, ಅನುಮಾನ ಬಂದರೆ "ಊಹೂಂ" ಅನ್ನಲಿ. ಊಹೂಂ ಅಂದವರು ಯಾಕೆ ಅಂತ ಹೇಳಬೇಕು. ಈ ಒಂದು ಊಹೂಂನಿಂದ ಕಥೆ ಕೇಳುವ ಮಗು ತಾನೂ ಯೋಚನೆಗೆ ಇಳಿಯುತ್ತದೆ.

ಕಡಜದ ಕಥೆಯನ್ನು ನಾನು ಹೇಳುವುದು ಹೀಗೆ:

"ಬೆಂಗಳೂರಿನಲ್ಲಿ ಒಂದು ದೊಡ್ಡ ಓದೋ ಜಾಗ ಇದೆ. ಹಳಬರು ಅದನ್ನ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಅಲ್ಲಿ ಒಬ್ಬರು ಮೇಷ್ಟ್ರು. ಅವರು ಓದಿದ್ದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಅಣುಗಳ ವಿಷಯ. ಆದರೆ ಕಣ್ಣು ಹೋಗ್ತಿದ್ದದ್ದು ಕಟ್ಟಡದ ಕಿಟಕಿಯಲ್ಲಿ ನೇತಾಡ್ತಿದ್ದ ಕಡಜದ ಗೂಡಿನ ಕಡೆಗೆ. ನಿಮ್ಮ ಮನೆ ಸೂರಲ್ಲೂ ಇರುತ್ತಲ್ಲ, ಬೂದು ಬಣ್ಣದ್ದು, ಕಾಗದದ ಹಾಗೆ? ಅದು ಕಾಗದವೇ. ಕಡಜಗಳು ಗಿಡದ ನಾರನ್ನ ಅಗಿದು, ಎಂಜಲು ಬೆರೆಸಿ ಕಟ್ಟೋ ಕಾಗದ."

(ಇಲ್ಲಿ ಹಳೆಯ ಖಾಲಿ ಗೂಡು ಇದ್ದರೆ ಕೈಗೆ ಕೊಡಿ. ಹುಳ ಇರುವ ಗೂಡಿನ ಹತ್ತಿರ ಯಾವ ಕಾರಣಕ್ಕೂ ಮಕ್ಕಳನ್ನು ಬಿಡಬೇಡಿ.)

"ಆ ಗೂಡಿನಲ್ಲಿ ಹತ್ತಿಪ್ಪತ್ತು ಹೆಣ್ಣು ಕಡಜ. ಮೊಟ್ಟೆ ಇಡೋದು ಒಬ್ಬಳೇ, ಅವಳೇ ರಾಣಿ. ಆದರೆ ರಾಣಿ ಯಾರು ಅಂತ ಕಂಡುಹಿಡಿಯೋದು ಹೇಗೆ? ಮೈ ನೋಡಿದ್ರೆ ಎಲ್ಲಾ ಒಂದೇ ಥರ. ಕಿರೀಟ ಇಲ್ಲ, ಮೈ ದಪ್ಪ ಇಲ್ಲ. ಮೇಷ್ಟ್ರು ಏನು ಮಾಡಿದ್ರು ಗೊತ್ತಾ?"

ಇಲ್ಲಿ ನಿಲ್ಲಿಸಿ. ಮಕ್ಕಳು ತಾವೇ ಉಪಾಯ ಹೇಳಲಿ. "ಹೆಸರಿಡಬೇಕು" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅಷ್ಟಾದ ಮೇಲೆ ಮುಂದುವರಿಸಿ. ಬೇಗ ಒಣಗುವ ಬಣ್ಣದಿಂದ ಪ್ರತಿ ಕಡಜದ ಮೈಗೂ ಚುಕ್ಕಿ ಇಟ್ಟರು. ಯಾರು ಏನು ಮಾಡುತ್ತಿದ್ದಾರೆ ಅಂತ ಸಮಯ ಹಿಡಿದು ಬರೆದುಕೊಂಡರು. ಜೋರು ಮಾಡುವವಳೇ ರಾಣಿ ಅಂತ ನಮಗೆಲ್ಲ ಅನಿಸುತ್ತದೆ ಅಲ್ವಾ? ಇದರ ಹತ್ತಿರದ ಸಂಬಂಧಿ ಕಡಜಗಳಲ್ಲಿ ಹಾಗೇ ಇದೆ. ಆದರೆ ಈ ಜಾತಿಯಲ್ಲಿ ರಾಣಿ ಎಲ್ಲರಿಗಿಂತ ಸಾಧು. ಸುಮ್ನೆ ಕೂತಿರುತ್ತಾಳೆ, ಯಾರ ತಂಟೆಗೂ ಹೋಗುವುದಿಲ್ಲ.

"ಒಂದು ದಿನ ರಾಣಿಯನ್ನ ಗೂಡಿನಿಂದ ತೆಗೆದ್ರು. ಅರ್ಧ ಗಂಟೆ ಆಗ್ತಿದ್ದ ಹಾಗೆ, ಅಲ್ಲಿ ತನಕ ಸುಮ್ಮನಿದ್ದ ಒಬ್ಬಳು ಎದ್ದಳು ನೋಡಿ! ಸಿಕ್ಕ ಸಿಕ್ಕವರ ಮೇಲೆ ಏರಿ ಹೋದಳು, ಕಚ್ಚಿದಳು, ದಬ್ಬಿದಳು. ಒಬ್ಬಳೇ. ಅವಳ ಜೊತೆ ಪೈಪೋಟಿಗೆ ಇನ್ಯಾರೂ ಬರಲಿಲ್ಲ. ದಿನ ಕಳೀತಾ ಕಳೀತಾ ಅವಳ ಸಿಟ್ಟು ಇಳೀತು. ಒಂದು ವಾರದ ಹೊತ್ತಿಗೆ ಮೊಟ್ಟೆ ಇಟ್ಟಳು. ಆಮೇಲೆ ಅವಳೂ ಹಳೇ ರಾಣಿ ಥರಾನೇ ಸಾಧು. ಈಗ ಹೇಳಿ, ಅವಳೇ ಮುಂದಿನ ರಾಣಿ ಅಂತ ಮೊದಲೇ ಹೇಳೋಕೆ ಆಗ್ತಿತ್ತಾ?"

ಕಥೆ ಇಲ್ಲಿಗೆ ನಿಲ್ಲಲಿ. ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಉತ್ತರವನ್ನು ಹೇಳಬೇಡಿ. ಮಕ್ಕಳು ಕಾಡುತ್ತಾರೆ, ಪರವಾಗಿಲ್ಲ. ಆ ತಳಮಳ ಇದ್ದರೇನೇ ಮುಂದಿನ ಎರಡು ಚಟುವಟಿಕೆಗೆ ಜೀವ ಬರುವುದು.

ಹೆಜ್ಜೆ 4: ನಿಮಿಷಕ್ಕೊಂದು ನೋಟ

ಇಡೀ ಶಿಬಿರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಬೇಕಾದದ್ದು ನಾಲ್ಕೈದು ಕೋಳಿ, ಒಂದು ಸೀಟಿ, ಪೆನ್ನು, ಪುಸ್ತಕ. ಕೋಳಿ ಇಲ್ಲದ ಕಡೆ ಆಡು, ಪಾರಿವಾಳ, ಅಳಿಲು ಯಾವುದಾದರೂ ಆಗುತ್ತದೆ. ಬೀದಿ ನಾಯಿ ಮಾತ್ರ ಬೇಡ.

ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ. ಒಂದು ಜೋಡಿಗೆ ಒಂದು ಕೋಳಿ. ಬೇಕಿದ್ದರೆ ಎರಡು ಮೂರು ಜೋಡಿ ಒಂದೇ ಕೋಳಿಯನ್ನು ನೋಡಲಿ. ನಾಟಿ ಕೋಳಿಗಳ ಬಣ್ಣ ಬೇರೆ ಬೇರೆ ಇರುವುದರಿಂದ ಗುರುತು ಹಾಕುವ ಅಗತ್ಯವಿಲ್ಲ. ಮಕ್ಕಳೇ ಹೆಸರಿಡಲಿ.

ಮೊದಲ ಐದು ನಿಮಿಷ ಸುಮ್ಮನೆ ನೋಡುವುದು. ಕೋಳಿ ಏನೇನು ಮಾಡುತ್ತದೆ ಅಂತ ಎಲ್ಲರೂ ಸೇರಿ ಒಂದು ಪಟ್ಟಿ ಮಾಡಿಕೊಳ್ಳಿ. ಕೆದಕುವುದು, ಕುಕ್ಕುವುದು, ನಡೆಯುವುದು, ಕೂರುವುದು, ಇನ್ನೊಂದನ್ನು ಅಟ್ಟುವುದು. ಒಂದೊಂದಕ್ಕೂ ಒಂದು ಅಕ್ಷರ: ಕೆ, ಕು, ನ, ಕೂ, ಅ. ಪಟ್ಟಿಗೆ ಸೇರದ್ದು ಬಂದರೆ "ಬೇ" ಅಂತ, ಅಂದರೆ ಬೇರೆ.

ಈಗ ನೀವು ನಿಮಿಷಕ್ಕೊಮ್ಮೆ ಸೀಟಿ ಊದಿ. ಸೀಟಿ ಕೇಳಿದ ಆ ಕ್ಷಣದಲ್ಲಿ ತಮ್ಮ ಕೋಳಿ ಏನು ಮಾಡುತ್ತಿತ್ತೋ ಅದರ ಅಕ್ಷರ ಮಾತ್ರ ಬರೆಯಬೇಕು. ಅದಕ್ಕೂ ಹಿಂದೆ ಏನು ಮಾಡಿತು, ಆಮೇಲೆ ಏನು ಮಾಡಿತು, ಅದೆಲ್ಲ ಬೇಡ. ಇಪ್ಪತ್ತು ಸೀಟಿ, ಇಪ್ಪತ್ತು ಅಕ್ಷರ. ಜೋಡಿಯ ಇಬ್ಬರೂ ಒಂದೇ ಕೋಳಿಯನ್ನು ನೋಡುತ್ತಾರೆ, ಆದರೆ ಬೆನ್ನಿಗೆ ಬೆನ್ನು ಓರೆ ಮಾಡಿ ಕೂತು ಬರೆಯುತ್ತಾರೆ. ಒಬ್ಬರದ್ದನ್ನು ಇನ್ನೊಬ್ಬರು ನೋಡುವಂತಿಲ್ಲ.

ಇಪ್ಪತ್ತು ಮುಗಿದ ಮೇಲೆ ಇಬ್ಬರೂ ಪುಸ್ತಕ ಪಕ್ಕಪಕ್ಕ ಇಡಲಿ. ಎಷ್ಟು ಅಕ್ಷರ ಹೊಂದಿಕೆಯಾಯಿತು? ಹನ್ನೆರಡು, ಹದಿನೈದು, ಕೆಲವರದ್ದು ಒಂಬತ್ತು. ಇಲ್ಲಿ ಜಗಳ ಶುರುವಾಗುತ್ತದೆ. "ಅದು ಕೆದಕ್ತಿತ್ತು!" "ಇಲ್ಲ ಕಣೇ, ಕುಕ್ತಿತ್ತು!" ಈ ಜಗಳವನ್ನು ದಯವಿಟ್ಟು ಬಿಡಿಸಲು ಹೋಗಬೇಡಿ. ಇಬ್ಬರೂ ಕೂತು ತೀರ್ಮಾನ ಮಾಡಲಿ. ಕೆದಕುವುದು ಅಂದರೆ ಏನು? ಕಾಲು ಆಡಿಸಿದರೆ ಮಾತ್ರವಾ? ಕೊಕ್ಕು ನೆಲಕ್ಕೆ ತಾಗಿದರೆ ಕುಕ್ಕಿದ ಹಾಗಾ? ಒಂದು ಜೋಡಿ ಆರನೇ ಕ್ಲಾಸಿನ ಹುಡುಗಿಯರು ಪುಸ್ತಕದಲ್ಲಿ ಹೀಗೆ ಬರೆದುಕೊಂಡರು: "ಕೊಕ್ಕು ಮಣ್ಣಿಗೆ ಮುಟ್ಟಿದರೆ ಕು. ಕಾಲು ಹಿಂದಕ್ಕೆ ಎಳೆದರೆ ಕೆ. ಎರಡೂ ಆದರೆ ಮೊದಲು ಆಗಿದ್ದು." ನಂತರ ಇನ್ನೊಂದು ಸುತ್ತು ಮಾಡಿದಾಗ ಅವರಿಬ್ಬರ ಹೊಂದಿಕೆ ಹನ್ನೊಂದರಿಂದ ಹದಿನೇಳಕ್ಕೆ ಏರಿತು. ಅದನ್ನು ನೋಡಿ ಅವರ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ಯಾವ ಲ್ಯಾಬ್‌ಗೆ ಹೋದರೂ ಹೊಸಬರಿಗೆ ಮೊದಲು ಮಾಡಿಸುವ ಕೆಲಸ ಇಂಥದ್ದೇ.

ಇನ್ನು ಲೆಕ್ಕ. ಕಾಗದದ ಮೇಲೆ ಗ್ರಾಫ್ ಬರೆಯಿಸುವ ಬದಲು ಹುಣಸೆ ಬೀಜ ಕೊಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೆ, ಕು, ನ, ಕೂ, ಅ, ಬೇ ಅಂತ ಬರೆದು, ಒಂದೊಂದು ನೋಟಕ್ಕೂ ಒಂದು ಬೀಜ ಮೇಲಕ್ಕೆ ಜೋಡಿಸುತ್ತಾ ಹೋಗಲಿ. ಐದು ಕೋಳಿಗೆ ಐದು ಬೀಜದ ಚಿತ್ರ. ಎದ್ದು ನಿಂತು ಮೇಲಿನಿಂದ ನೋಡಿದರೆ ಯಾವ ಕೋಳಿ ಯಾವ ಸ್ವಭಾವದ್ದು ಅಂತ ಒಂದೇ ನೋಟಕ್ಕೆ ಕಾಣುತ್ತದೆ.

ಆಗ ಹೇಳಿ: 1983ರಲ್ಲಿ ಗದಗಕರ್ ಮತ್ತು ಎನ್.ವಿ. ಜೋಶಿ ಪ್ರಕಟಿಸಿದ ಕೆಲಸದಲ್ಲಿ ಹೀಗೇ ಪ್ರತಿ ಕಡಜವೂ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತದೆ ಅಂತ ಲೆಕ್ಕ ಹಾಕಿದ್ದರು. ಕಡಜಗಳು ಮೂರು ಗುಂಪಾದವು. ಕೂತೇ ಇರುವವರು, ಜಗಳ ಮಾಡುವವರು, ಹೊರಗೆ ಹೋಗಿ ಆಹಾರ ತರುವವರು. ಈ ಜಾತಿಯ ರಾಣಿ ಸಿಕ್ಕಿದ್ದು ಕೂತೇ ಇರುವವರ ಗುಂಪಿನಲ್ಲಿ. ಮಕ್ಕಳು ಕೂಡಲೇ ತಮ್ಮ ಬೀಜದ ಚಿತ್ರಗಳ ಕಡೆ ತಿರುಗುತ್ತಾರೆ. ಅವರ ಕೋಳಿಗಳಲ್ಲೂ ಗುಂಪು ಕಾಣುತ್ತದಾ ಅಂತ ಹುಡುಕುತ್ತಾರೆ. ಇಪ್ಪತ್ತು ನೋಟ ಸಾಕಾ, ಇನ್ನೂ ಬೇಕಾ ಅಂತ ಅವರೇ ಕೇಳಿದರೆ ಬೆಳಗ್ಗೆಯ ಶ್ರಮ ಸಾರ್ಥಕ.

ಇದಕ್ಕೆ ಒಂದು ಗಂಟೆ ಹತ್ತು ನಿಮಿಷ ಇಟ್ಟುಕೊಳ್ಳಿ. ಆಮೇಲೆ ಮಜ್ಜಿಗೆ, ಕಡಲೆಪುರಿ.

ಹೆಜ್ಜೆ 5: ಮುಂದಿನ ರಾಣಿ ಯಾರು? ಆಟ

ಅಂಗಳದಲ್ಲಿ ದೊಡ್ಡದೊಂದು ವೃತ್ತ ಎಳೆಯಿರಿ. ಅದೇ ಗೂಡು. ಹದಿನಾರು ಮಕ್ಕಳು ಕಡಜ, ಉಳಿದ ಎಂಟು ಮಕ್ಕಳು ಸಂಶೋಧಕರು. ಗೂಡಿನಲ್ಲಿ ಕೆಲಸ ಮಾಡುವ ಕಡಜಗಳೆಲ್ಲ ಹೆಣ್ಣು. ಹುಡುಗರಿಗೂ ಇದನ್ನು ಹೇಳಿ. ಒಂದು ನಿಮಿಷ ನಗುತ್ತಾರೆ, ಆಮೇಲೆ ಎಲ್ಲರಿಗಿಂತ ಚೆನ್ನಾಗಿ ಆಡುತ್ತಾರೆ.

ಗುರುತಿಗೆ ನಾಲ್ಕು ಬಣ್ಣದ ಸ್ಟಿಕ್ಕರ್ ಬಿಂದಿ ತನ್ನಿ. ಎಡ ಭುಜಕ್ಕೊಂದು, ಬಲ ಭುಜಕ್ಕೊಂದು. ನಾಲ್ಕು ಬಣ್ಣ, ಎರಡು ಜಾಗ. ಹದಿನಾರು ಜನಕ್ಕೆ ಸಾಕಾಗುತ್ತದಾ? ಹಚ್ಚುವ ಮೊದಲು ಈ ಲೆಕ್ಕವನ್ನು ಮಕ್ಕಳಿಗೇ ಬಿಡಿ. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ ಸರಿಯಾಗಿ ಹದಿನಾರು. ಕೆಂಪು-ಹಸಿರು ಬೇರೆ, ಹಸಿರು-ಕೆಂಪು ಬೇರೆ.

ಕಡಜಗಳಿಗೆ ಒಂದೊಂದು ಮಡಚಿದ ಚೀಟಿ ಕೊಡಿ. ಒಂದರಲ್ಲಿ "ರಾಣಿ: ಸುಮ್ಮನೆ ಕೂರು, ಆಗಾಗ ಗೂಡಿನೊಳಗೆ ನಡೆದು ನೆಲಕ್ಕೆ ಕೈ ಸವರು". ಆರರಲ್ಲಿ "ಹೊರಗೆ ಹೋಗಿ ಎಲೆ ತಂದು ಹಂಚು". ನಾಲ್ಕರಲ್ಲಿ "ಆಗಾಗ ಯಾರದ್ದಾದರೂ ಭುಜ ತಟ್ಟು". ಐದರಲ್ಲಿ "ಕೂತಿರು". ರಾಣಿಯದ್ದು ಬಿಟ್ಟು ಉಳಿದ ಹದಿನೈದು ಚೀಟಿಗಳಲ್ಲಿ ಯಾವುದೋ ಒಂದರ ಮೂಲೆಯಲ್ಲಿ ಚಿಕ್ಕ ನಕ್ಷತ್ರ ಇರಲಿ. ಅದನ್ನು ಕಣ್ಣು ಮುಚ್ಚಿ ಆರಿಸಿ. ನಕ್ಷತ್ರ ಸಿಕ್ಕವರಿಗೆ ಗುಟ್ಟಿನ ಆಜ್ಞೆ ಇದೆ: ರಾಣಿ ಹೋದ ಮೇಲೆ ಮನಸ್ಸಿನಲ್ಲೇ ಐವತ್ತು ಎಣಿಸಿ ಎದ್ದು ಎಲ್ಲರ ಭುಜ ತಟ್ಟುತ್ತಾ ಓಡಾಡು, ಎರಡು ನಿಮಿಷ ಆದ ಮೇಲೆ ಮೆತ್ತಗಾಗಿ ಕೂರು. ನಕ್ಷತ್ರದ ಅರ್ಥ ಏನು ಅಂತ ಚೀಟಿ ಕೊಡುವಾಗ ಹದಿನಾರು ಜನಕ್ಕೂ ಗುಟ್ಟಾಗಿ ಹೇಳಿರಿ. ಆಗ ಸಂಶೋಧಕರು ದೂರದಲ್ಲಿರಬೇಕು.

ಆಟ ಶುರು. ಸಂಶೋಧಕರು ಜೋಡಿ ಜೋಡಿಯಾಗಿ ಐದು ನಿಮಿಷ ನೋಡುತ್ತಾರೆ, ಬರೆಯುತ್ತಾರೆ. ರಾಣಿ ಯಾರು ಅಂತ ಅವರಿಗೆ ಹೇಳಿ. ಮುಂದಿನ ರಾಣಿ ಯಾರು ಅಂತ ಅವರು ಹೆಸರಲ್ಲ, ಬಣ್ಣ ಬರೆದು ಚೀಟಿ ಮಡಚಿ ನಿಮಗೆ ಕೊಡಬೇಕು. ಆಮೇಲೆ ರಾಣಿಯ ಕೈ ಹಿಡಿದು ಗೂಡಿನಿಂದ ಹೊರಗೆ ಕರೆದುಕೊಂಡು ಬನ್ನಿ.

ಐವತ್ತು ಎಣಿಸುವ ಆ ಹೊತ್ತು ಅಂಗಳ ಎಷ್ಟು ಗಪ್‌ಚುಪ್ ಆಗುತ್ತದೆ ಅಂದರೆ, ಎಲೆ ತರುವವರ ಹೆಜ್ಜೆ ಸದ್ದು ಮಾತ್ರ ಕೇಳಿಸುತ್ತದೆ. ಆಮೇಲೆ ಒಬ್ಬರು ಎದ್ದಾಗ ಎಲ್ಲರೂ "ಓ!" ಅನ್ನುತ್ತಾರೆ.

ಹೆಚ್ಚಿನ ಸಲ ನಾಲ್ಕು ಜೋಡಿಯ ಊಹೆಯೂ ತಪ್ಪಾಗುತ್ತದೆ. ಎಲ್ಲರೂ ಭುಜ ತಟ್ಟುವವರನ್ನೇ ಬರೆದಿರುತ್ತಾರೆ. ಯಾಕೆ ಹಾಗೆ ಬರೆದಿರಿ ಅಂತ ಕೇಳಿ. ಅವರ ಕಾರಣ ಸರಿಯಾಗಿಯೇ ಇರುತ್ತದೆ. ಕಾರಣ ಸರಿ ಇದ್ದೂ ಊಹೆ ತಪ್ಪಾಗಬಹುದು ಅನ್ನುವುದು ಹತ್ತು ವರ್ಷದ ಮಗುವಿಗೆ ದೊಡ್ಡ ಸಂಗತಿ. ವಿಜ್ಞಾನ ಸಂಸ್ಥೆಯವರಿಗೂ ಹೀಗೇ ಆಯಿತು ಅಂತ ಆಗ ಹೇಳಿ. ಯಾರು ಜಾಸ್ತಿ ಜಗಳ ಮಾಡುತ್ತಾರೆ ಅಂತ ನೋಡಿದರು. ಮೈಯ ಗಾತ್ರ ನೋಡಿದರು. ಮುಂದಿನ ರಾಣಿಯನ್ನು ಮೊದಲೇ ಹೇಳಲು ಆಗಲಿಲ್ಲ. ವಯಸ್ಸಾದವರಿಗೆ ಅವಕಾಶ ಜಾಸ್ತಿ ಅಂತ ತಿಳಿಯಿತು, ಆದರೆ ಅದೂ ಪಕ್ಕಾ ಅಲ್ಲ. 2008ರಲ್ಲಿ ಅನಿಂದಿತಾ ಭದ್ರಾ ಮತ್ತು ಗದಗಕರ್ ಪ್ರಕಟಿಸಿದ ಕೆಲಸ ಇನ್ನೂ ಸೊಗಸು. ಮುಂದಿನ ರಾಣಿ ಯಾರು ಅಂತ ನಮಗೆ ಗೊತ್ತಿಲ್ಲ, ಆದರೆ ಕಡಜಗಳಿಗೆ ಗೊತ್ತಿರುವ ಹಾಗಿದೆ ಅಂತ ಅದರಿಂದ ಕಂಡುಬಂತು.

ಯಾರಾದರೂ ಒಬ್ಬರು ಕೇಳುತ್ತಾರೆ. "ನಮ್ಮ ಆಟದಲ್ಲಿ ಚೀಟಿ ಇತ್ತು. ಕಡಜದ ಚೀಟಿ ಎಲ್ಲಿದೆ?" ಈ ಪ್ರಶ್ನೆ ಬಂದರೆ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಉತ್ತರ ಕೊಡಲು ಹೋಗಬೇಡಿ.

ಸಮಯ ಇದ್ದರೆ ಎರಡನೇ ಸುತ್ತು. ಗೂಡಿನ ನಡುವೆ ಸೊಳ್ಳೆ ಪರದೆ ಕಟ್ಟಿ. ರಾಣಿ ಒಂದು ಕಡೆ, ಅರ್ಧ ಕಡಜಗಳು ಇನ್ನೊಂದು ಕಡೆ. ಲ್ಯಾಬಿನಲ್ಲಿ ನಿಜವಾದ ಗೂಡನ್ನು ಹೀಗೇ ಎರಡು ಭಾಗ ಮಾಡಿ ನಡುವೆ ತಂತಿ ಜಾಲರಿ ಇಟ್ಟಿದ್ದರು. ರಾಣಿ ಇಲ್ಲದ ಕಡೆ ಒಬ್ಬಳು ಎದ್ದು ಜೋರು ಮಾಡಲು ಶುರು ಮಾಡಿದಳು, ರಾಣಿ ಜಾಲರಿಯಾಚೆ ಅಷ್ಟು ಹತ್ತಿರದಲ್ಲೇ ಇದ್ದರೂ. ಇದರಿಂದ ಏನು ಗೊತ್ತಾಗುತ್ತದೆ? ಮಕ್ಕಳೇ ಪರದೆಯ ಎರಡೂ ಕಡೆ ನಿಂತು ಪರೀಕ್ಷೆ ಮಾಡಲಿ. ಆಚೆ ಕಾಣುತ್ತದಾ? ಕಾಣುತ್ತದೆ. ಮಲ್ಲಿಗೆ ಹಿಡಿದರೆ ವಾಸನೆ ಬರುತ್ತದಾ? ಬರುತ್ತದೆ. ಹಾಗಾದರೆ ಪರದೆ ತಡೆದದ್ದು ಏನನ್ನು? ಐದು ನಿಮಿಷದ ಚರ್ಚೆಯಲ್ಲಿ ಯಾರಾದರೂ "ಆ ಕಡೆ ನಡೆದುಕೊಂಡು ಹೋಗೋಕೆ ಆಗಲ್ಲ, ಮುಟ್ಟೋಕೆ ಆಗಲ್ಲ" ಅಂತ ಹೇಳುತ್ತಾರೆ. ಸರಿಯಾಗಿ ಇದೇ ದಾರಿಯಲ್ಲಿ ಸಂಶೋಧಕರೂ ಹೋದರು. ರಾಣಿ ತನ್ನ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜಿ ಒಂದು ರಾಸಾಯನಿಕ ಬಿಟ್ಟು ಹೋಗುತ್ತಾಳೆ. ಅದು ಗಾಳಿಯಲ್ಲಿ ತೇಲಿ ಹೋಗುವಂಥದ್ದಲ್ಲ. ರಾಣಿ ಇದ್ದಾಳೆ ಅಂತ ಉಳಿದವರಿಗೆ ಗೊತ್ತಾಗುವುದು ಆ ಗುರುತಿನಿಂದ. ರಾಣಿ ಆಡಿದ ಮಗು ನೆಲಕ್ಕೆ ಕೈ ಸವರಿದ್ದು ಯಾಕೆ ಅಂತ ಆಗ ಎಲ್ಲರಿಗೂ ಹೊಳೆಯುತ್ತದೆ.

ಹೆಜ್ಜೆ 6: ದಾಸವಾಳದಿಂದ ರಾಗಿಗೆ

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಹೊಲದಲ್ಲಿ ರಾಗಿ ತೆನೆ ಕಟ್ಟುವಾಗ ಶಿಬಿರ ಮಾಡುತ್ತಿದ್ದರೆ ಕಡಜದ ಆಟದ ಎರಡನೇ ಸುತ್ತು ಬಿಟ್ಟು ಇದನ್ನು ಮಾಡಿ. ಎಲ್ಲವನ್ನೂ ಒಂದೇ ಬೆಳಗ್ಗೆ ತುರುಕಬೇಡಿ.

ಮೊದಲು ಪ್ರತಿ ಜೋಡಿಗೂ ಎರಡು ದಾಸವಾಳ ಕೊಡಿ, ಬೇರೆ ಬೇರೆ ಬಣ್ಣದವು. ನಡುವಿನ ದಂಡದ ಸುತ್ತ ಹಳದಿ ಪುಡಿ ಇರುವ ಪುಟ್ಟ ತಲೆಗಳು ಗಂಡು ಭಾಗ. ದಂಡದ ತುದಿಯಲ್ಲಿ ಐದು ಕವಲು ಹೆಣ್ಣು ಭಾಗ. ಒಂದು ಹೂವಿನ ಗಂಡು ಭಾಗವನ್ನೆಲ್ಲ ಚಿಮಟದಿಂದ ಒಂದೂ ಬಿಡದೆ ಕಿತ್ತು, ಇನ್ನೊಂದು ಹೂವಿನ ಪುಡಿಯನ್ನು ಹತ್ತಿಯ ಕಡ್ಡಿಯಲ್ಲಿ ತಂದು ಹೆಣ್ಣು ಭಾಗಕ್ಕೆ ಹಚ್ಚಬೇಕು. ತಳಿ ಬೆರೆಸುವ ಕೆಲಸ ಇಷ್ಟೇ. ಹತ್ತು ನಿಮಿಷದಲ್ಲಿ ಎಲ್ಲರೂ ಕಲಿಯುತ್ತಾರೆ.

ಈಗ ರಾಗಿಯ ಎಳೆಯ ತೆನೆ ಕೈಗೆ ಕೊಟ್ಟು, ಭೂತಗನ್ನಡಿ ಕೊಟ್ಟು ಹೇಳಿ: "ಇದರಲ್ಲೂ ಹಾಗೇ ಮಾಡಿ."

ಮಕ್ಕಳು ಹೂವು ಎಲ್ಲಿದೆ ಅಂತ ಹುಡುಕಲು ಶುರು ಮಾಡುತ್ತಾರೆ. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಅದರೊಳಗೆ ಮೂರು ಗಂಡು ಭಾಗ. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುಂಚೆ. ಅರಳುವಾಗಲೇ ತನ್ನ ಪುಡಿ ತನಗೇ ಹತ್ತಿಬಿಡುತ್ತದೆ. ಅದಕ್ಕೇ ರಾಗಿಯಲ್ಲಿ ಎರಡು ತಳಿ ಬೆರೆಸುವುದು ಬಹಳ ಕಷ್ಟ ಅಂತಲೇ ಇತ್ತು. ಲಕ್ಷ್ಮಣಯ್ಯನವರು ಆ ಕೆಲಸಕ್ಕೆ ಕೈ ಹಾಕಿದರು. ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದರು. ಇಂಡಿಯಾದ "ಇಂಡ್", ಆಫ್ರಿಕಾದ "ಆಫ್" ಸೇರಿ ಇಂಡಾಫ್ ಅನ್ನುವ ಹೆಸರು. ಇಂಡಾಫ್ ರಾಗಿ ಬೆಳೆದ ಅಜ್ಜ ಅಜ್ಜಿ ಊರಲ್ಲಿ ಯಾರಾದರೂ ಇದ್ದರೆ ಕರೆದು ಕೂರಿಸಿ. ಕಥೆಯ ಉಳಿದ ಭಾಗವನ್ನು ಅವರೇ ಹೇಳಲಿ. ರಾಗಿಯೂ ಮೂಲದಲ್ಲಿ ಪೂರ್ವ ಆಫ್ರಿಕಾದಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಬೆಳೆ ಅಂದರೆ ಮುದ್ದೆ ತಿನ್ನುವ ಮಕ್ಕಳು ನಂಬುವುದೇ ಇಲ್ಲ. "ಊಹೂಂ" ಜೋರಾಗಿ ಬರುತ್ತದೆ.

ಹೆಜ್ಜೆ 7: ಗೋಡೆಯ ಪ್ರಶ್ನೆಗಳನ್ನು ಮುಂದಕ್ಕೆ ಕಳಿಸಿ

ಕೊನೆಯ ಇಪ್ಪತ್ತು ನಿಮಿಷದಲ್ಲಿ ಬಹುಮಾನ ಬೇಡ, ಕ್ವಿಜ್ ಬೇಡ. ಪ್ರತಿ ಮಗುವೂ ಒಂದು ಚೀಟಿಯಲ್ಲಿ ಈಗಲೂ ತನಗೆ ಗೊತ್ತಾಗದ ಒಂದು ವಿಷಯ ಬರೆಯಲಿ. ಬರೆಯಲು ಕಷ್ಟಪಡುವ ಮಗು ಹೇಳಲಿ, ನೀವು ಬರೆದುಕೊಳ್ಳಿ. 24 ಚೀಟಿಗಳನ್ನು ಗೋಡೆಗೆ ಅಂಟಿಸಿ ಮೂರು ಗುಂಪು ಮಾಡಿ: ನಾವೇ ನೋಡಿ ತಿಳಿಯಬಹುದಾದದ್ದು, ಪುಸ್ತಕದಲ್ಲಿ ಸಿಗುವಂಥದ್ದು, ಸಂಶೋಧನೆ ಮಾಡುವವರನ್ನೇ ಕೇಳಬೇಕಾದದ್ದು. ಯಾವ ಚೀಟಿ ಯಾವ ಗುಂಪಿಗೆ ಅಂತ ಮಕ್ಕಳೇ ತೀರ್ಮಾನಿಸಲಿ. "ಕೋಳಿ ಕತ್ತಲಾದ ಮೇಲೂ ಕೆದಕುತ್ತಾ?" ಮೊದಲ ಗುಂಪು. ಅದನ್ನು ಬರೆದ ಮಗು ಅವತ್ತೇ ರಾತ್ರಿ ಟಾರ್ಚ್ ಹಿಡಿದು ಕೋಳಿ ಗೂಡಿನ ಹತ್ತಿರ ಹೋಗಿ ನೋಡಿ ಬರೆದುಕೊಂಡು ಬರಬಹುದು.

ಮೂರನೇ ಗುಂಪಿನ ಚೀಟಿಗಳನ್ನು ಬಂದಿದ್ದ ಅಕ್ಕನಿಗೋ ಅಣ್ಣನಿಗೋ ಕೊಟ್ಟು ಕಳಿಸಿ. ಒಂದು ತಿಂಗಳೊಳಗೆ ಉತ್ತರವನ್ನು ವಾಟ್ಸಾಪ್ ಧ್ವನಿಯಲ್ಲಿ ಕಳಿಸಲು ಕೇಳಿಕೊಳ್ಳಿ. ಗೊತ್ತಿಲ್ಲದ್ದಕ್ಕೆ "ನಂಗೂ ಗೊತ್ತಿಲ್ಲ, ಹೀಗೆ ಮಾಡಿ ನೋಡಬಹುದು" ಅಂತ ಹೇಳಲಿ. ಮಕ್ಕಳು ಕೇಳಿದ ಪ್ರಶ್ನೆಗೆ ದೊಡ್ಡವರು ಮರುಮಾತು ಕಳಿಸದಿದ್ದರೆ ಇಡೀ ಬೆಳಗ್ಗೆಯ ಕೆಲಸ ಹಾಳಾದ ಹಾಗೆ. ಇದನ್ನು ಅವರನ್ನು ಒಪ್ಪಿಸುವ ಮೊದಲೇ, ಆ ಮೊದಲ ಫೋನಿನಲ್ಲೇ, ಹೇಳಿರಿ.

ನೋಟ್‌ಬುಕ್ಕುಗಳನ್ನು ಮನೆಗೆ ಕೊಟ್ಟು ಕಳಿಸಿ. ಅವುಗಳಲ್ಲಿ ಕೆಂಪು ಶಾಯಿಯ ಗುರುತು ಹಾಕಬೇಡಿ, ಕಾಗುಣಿತವನ್ನೂ ತಿದ್ದಬೇಡಿ. ಮಕ್ಕಳ ಫೋಟೋ, ಹೆಸರನ್ನು ಎಲ್ಲೂ ಹಾಕಬೇಡಿ. ಬೇಕಿದ್ದರೆ ಹುಣಸೆ ಬೀಜದ ಚಿತ್ರಗಳ ಫೋಟೋ ತೆಗೆದು ಗ್ರಂಥಾಲಯದ ಗೋಡೆಗೆ ಹಾಕಿ. ಪ್ರಶ್ನೆಯ ಚೀಟಿಗಳನ್ನು ಅದರ ಕೆಳಗೇ ಬಿಡಿ. ಉತ್ತರ ಬಂದದ್ದಕ್ಕೆ ತಾರೀಖು ಹಾಕಿ ಪಕ್ಕದಲ್ಲಿ ಬರೆಯಿರಿ. ಬರದೆ ಇದ್ದದ್ದರ ಪಕ್ಕ ಜಾಗ ಖಾಲಿ ಇರಲಿ.